ಹಸಿರು ಬೂಷ್ಟಿನ ಸಾಕ್ಷಿ

ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ ಮತ್ತು ಅಗರ್ ಪುಡಿ ಹಾಕಿ, ಕುಕ್ಕರಿನಲ್ಲಿ ಚೆನ್ನಾಗಿ ಕೂಗಿಸಿ, ಗಾಜಿನ ಪುಟ್ಟ ತಟ್ಟೆಗಳಿಗೆ ಹೊಯ್ದರೆ ಜೆಲ್ಲಿಯಂತೆ ಗಟ್ಟಿಯಾಗುತ್ತದೆ. ನಡುವೆ ಅಣಬೆಯ ಒಳತಿರುಳಿನ ಚೂರು ಇಟ್ಟರೆ ವಾರದಲ್ಲಿ ಹತ್ತಿಯಂಥ ಬಿಳಿ ಎಳೆ ಹಬ್ಬಬೇಕು. ಮುಂದೆ ಅದರಿಂದಲೇ ಅಣಬೆಯ ಬೀಜ. ವಿಡಿಯೋದಲ್ಲಿ ನೋಡಿದಾಗ ಕೇಸರಿಬಾತ್‌ಗಿಂತ ಸುಲಭ ಅನಿಸಿತ್ತು. ಚಂದಾಪುರದ ನಮ್ಮ ಬಾಡಿಗೆ ಮನೆಯಲ್ಲಿ ಮಾತ್ರ ಮೂರು ಭಾನುವಾರ ಹೊಯ್ದ ತಟ್ಟೆಗಳೂ ಹಸಿರು ಬೂಷ್ಟು ಹಿಡಿದವು.

ನನ್ನ ಕಡೆಯಿಂದ ಏನೂ ಕೊರತೆಯಿಲ್ಲ ಎಂದೇ ನಂಬಿದ್ದೆ. ತಲೆಗೆ ಸ್ನಾನ, ಮೂಗಿಗೆ ಬಟ್ಟೆ, ಫ್ಯಾನ್ ಬಂದ್. ಹೊಯ್ಯುವ ಮುಂಚೆ ಪೊರಕೆ ಹಿಡಿದು ಅಡುಗೆಮನೆಯ ಮೂಲೆ ಮೂಲೆಯನ್ನೂ ಗುಡಿಸುತ್ತಿದ್ದೆ. ಕಸ ಗುಡಿಸದೆ ಒಳ್ಳೆ ಕೆಲಸಕ್ಕೆ ಕೈ ಹಾಕಬಾರದು ಅಂತ ನನ್ನಮ್ಮ ಕಲಿಸಿದ್ದು. ಆನೇಕಲ್ ಕಡೆಯ ಹೆಣ್ಣುಮಕ್ಕಳಿಗೆ ಅದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ಅಂದಮೇಲೆ ತಪ್ಪು ಬೇರೆಯವರದ್ದೇ ಆಗಿರಬೇಕಲ್ಲ? ಮೊದಲ ವಾರ ಗಂಡನ ಸೀನು. ಎರಡನೇ ವಾರ ಅಗರ್ ಕೊಟ್ಟ ಅಂಗಡಿಯವನು. ಮೂರನೇ ವಾರ ಅತ್ತೆ ಸಿಕ್ಕಿಬಿದ್ದರು. ಗದಗದ ಕಡೆಯಿಂದ ಎರಡು ತಿಂಗಳಿಗೆಂದು ಬಂದಿದ್ದ ಅವರು ಅಡುಗೆಮನೆಯ ಕಪಾಟಿನಲ್ಲಿ ಹಾಲಿಗೆ ಹೆಪ್ಪು ಹಾಕಿ ಗಡಿಗೆ ಇಡುತ್ತಿದ್ದರು.

"ನಿಮ್ಮ ಆ ಹುಳಿ ಗಡಿಗೆಯಿಂದ್ಲೇ ಎಲ್ಲಾ ಹಾಳಾಗ್ತಿರೋದು" ಅಂದುಬಿಟ್ಟೆ. ನನ್ನ ಬಾಯಿಗೆ ಬೀಗ ಮೊದಲಿನಿಂದಲೂ ಇಲ್ಲ.

"ನನ್ನ ಮೊಸರು ಏನೂ ಮಾಡಿಲ್ಲ ಬಿಡವಾ" ಅಂದರು ಅತ್ತೆ. ಅಷ್ಟೇ. ಅವತ್ತಿನಿಂದ ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟು, ಹಗಲೆಲ್ಲ ಹೊರಗಿನ ಮೆಟ್ಟಿಲ ಮೇಲೆ ಕೂರತೊಡಗಿದರು. ಬುಧವಾರ ಗಂಡ ಫೋನಿನಿಂದ ತಲೆಯೆತ್ತದೆ ಹೇಳಿದ: "ಅವ್ವ ಊರಿಗೆ ಹೊಕ್ಕೀನಿ ಅಂತಾಳ. ಐತಾರದ ಬಸ್ಸಿಗೆ ಟಿಕೆಟ್ ಮಾಡೀನಿ."

ಅತ್ತೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಕಾರ್ಖಾನೆಯ ಪಾಳಿ ಮುಗಿಸಿ ಬಂದವಳಿಗೆ ಬಿಸಿ ರೊಟ್ಟಿ ಹಾಕಿ, ಎದುರಿಗೇ ಕೂತು ಮಾತಾಡುವವರು ಈ ಊರಲ್ಲಿ ನನಗೆ ಇನ್ಯಾರಿದ್ದರು? ಅವರು ಹೋಗುವುದು ನನಗೆ ಬೇಡವಾಗಿತ್ತು. ಆದರೆ ನನ್ನ ಕೊಬ್ಬು ನೋಡಿ, ಮೊದಲು ನಾನು ಹೇಳಿದ್ದೇ ಸರಿ ಅಂತ ಆಗಬೇಕು, ಆಮೇಲೆ ದೊಡ್ಡ ಮನಸ್ಸು ಮಾಡಿ ಅವರನ್ನು ಉಳಿಸಿಕೊಳ್ಳಬೇಕು ಎಂದು ಲೆಕ್ಕ ಹಾಕಿದೆ.

ನಾನು ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ನಮ್ಮ ಪ್ಯಾಕಿಂಗ್ ಕೋಣೆಯ ಗಾಳಿ ಶುದ್ಧವಿದೆಯೇ ಎಂದು ತಿಳಿಯಲು ಲ್ಯಾಬಿನವರು ಅಗರ್ ತಟ್ಟೆಯ ಮುಚ್ಚಳ ತೆಗೆದು ಇಟ್ಟುಹೋಗುತ್ತಾರೆ. ಗಾಳಿಯಿಂದ ಏನು ಬಿದ್ದಿತೋ ಅದು ನಾಲ್ಕು ದಿನದಲ್ಲಿ ಬೆಳೆದು ಕಾಣಿಸುತ್ತದೆ. ನಾನೂ ಅದನ್ನೇ ಮಾಡಿದೆ. ಅವತ್ತು ಸಂಜೆಯೇ ಎಂದಿನಂತೆ ಗುಡಿಸಿ, ಒಂದು ತಟ್ಟೆಯನ್ನು ಕಪಾಟಿನೊಳಗೆ ಅತ್ತೆ ಹಾಗೇ ಬಿಟ್ಟಿದ್ದ ಗಡಿಗೆಯ ಪಕ್ಕ, ಇನ್ನೊಂದನ್ನು ನಾನು ಹೊಯ್ಯುವ ಕಟ್ಟೆಯ ಮೇಲೆ ಅರ್ಧ ಗಂಟೆ ತೆರೆದಿಟ್ಟು, ಮುಚ್ಚಿ, ಚೀಟಿ ಅಂಟಿಸಿದೆ.

ಅತ್ತೆ ಬಸ್ಸು ಹತ್ತಬೇಕಿದ್ದ ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಗಡಿಗೆ ಪಕ್ಕದ ತಟ್ಟೆಯಲ್ಲಿ ಒಂದೇ ಒಂದು ಚುಕ್ಕೆ! ಕಟ್ಟೆಯ ಮೇಲಿದ್ದ ತಟ್ಟೆ ಪೂರ್ತಿ ಹಸಿರು. ಕಪಾಟಿನ ಬಾಗಿಲು ಮುಚ್ಚಿದ್ದರಿಂದ ಒಳಗೆ ಧೂಳು ಹೋಗಿರಲಿಲ್ಲ. ಕಟ್ಟೆಯ ಮೇಲೆ ನನ್ನ ಪೊರಕೆ ಎಬ್ಬಿಸಿದ್ದೆಲ್ಲ ಇಳಿದಿತ್ತು. ಮೂರು ವಾರವೂ ನಾನೇ ಧೂಳೆಬ್ಬಿಸಿ, ಅದು ಇಳಿಯುವ ಹೊತ್ತಿಗೆ ಸರಿಯಾಗಿ ತಟ್ಟೆ ತೆರೆದಿದ್ದೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.

ಎರಡೂ ತಟ್ಟೆ ಹಿಡಿದುಕೊಂಡು ಹೊರಗೆ ಹೋದೆ. ಅತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು.

"ಅತ್ತೆ, ತಪ್ಪು ನಂದೇ. ನಾನು ಗುಡಿಸಿದ್ ಧೂಳಿಂದ ಕೆಟ್ಟಿದ್ದು, ನಿಮ್ ಮೊಸರಿಂದ ಅಲ್ಲ."

ಅವರು ತಟ್ಟೆಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದರು. "ನಾ ಹೇಳಿದ್ರ ನಂಬಲಿಲ್ಲ. ಬೂಷ್ಟು ಹೇಳಿದ್ರ ನಂಬಿದಿ."

ಅಳು ಬಂದುಬಿಟ್ಟಿತು. "ಹೋಗ್ಬೇಡಿ ಅತ್ತೆ" ಅಂದೆ.

ಅವರು ತಟ್ಟೆಗಳನ್ನು ನನ್ನ ಕೈಗೇ ಕೊಟ್ಟರು.

"ಟಿಕೆಟ್ ಬ್ಯಾಡ ಅಂತ ನಿನ್ನ ಗಂಡಗ ನೀನ ಹೇಳು. ಯಾಕ ಅಂತ ಕೇಳ್ತಾನ. ಅದನ್ನೂ ನೀನ ಹೇಳು."