ಗಿಡುಗದ ಹಿಂದಿನ ಬನಿಯನ್

ನನ್ನ ಭಾವನ ಕೈಯಲ್ಲಿ ಫೋಟೊ ತೆಗೆಸಿಕೊಂಡವರ ಮುಖದಲ್ಲಿ ಮೊಡವೆ ಇರುವುದಿಲ್ಲ. ಕಣ್ಣಿನ ಕೆಳಗೆ ಕಪ್ಪು ಇರುವುದಿಲ್ಲ, ಕತ್ತಿನಲ್ಲಿ ಸುಕ್ಕಿರುವುದಿಲ್ಲ, ಕಿವಿಯ ಮೇಲೆ ಎದ್ದು ನಿಂತ ಕೂದಲೂ ಇರುವುದಿಲ್ಲ. ರೀಲಿನ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪಾಗಿ ಕೆತ್ತಿದ ಪೆನ್ಸಿಲ್ ಆಡಿಸುತ್ತ, ಉಸಿರು ಬಿಗಿಹಿಡಿದು ಈ ಕೆಲಸ ಮಾಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಅದೇ ಕೆಲಸ ಮೌಸ್‌ಗೆ ವರ್ಗವಾಯಿತು. "ದೇವರು ಅವಸರದಲ್ಲಿ ಮಾಡಿದ್ದನ್ನ ನಾನು ನಿಧಾನವಾಗಿ ಸರಿಮಾಡ್ತೀನಿ" ಎಂದು ಬೀಗುತ್ತಿದ್ದರು. ಬೀದಿಯ ಜನ ಬರುತ್ತಿದ್ದುದೂ ಅದಕ್ಕೇ. ಪರೀಕ್ಷೆ ಅರ್ಜಿಗೆ ಅಂಟಿಸಿದ ಫೋಟೊ ನೋಡಿ ಇವನು ನೀನೇ ಹೌದಾ ಎಂದು ಮೇಷ್ಟ್ರು ಕೇಳಿದರೆ, ಅದು ಭಾವನ ಸ್ಟುಡಿಯೋದ್ದು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಸ್ಟುಡಿಯೋದ ಗೋಡೆಯ ಮೇಲೆ ನನ್ನ ಅಕ್ಕನ ಮದುವೆಯ ಹೊಸತರ ಫೋಟೊ ಇದೆ. ಅಕ್ಕನ ಎಡಹುಬ್ಬಿನ ಮೇಲೆ ಒಂದು ಗಾಯದ ಕಲೆ ಉಂಟು. ನಾನು ಆರು ವರ್ಷದವನಿದ್ದಾಗ ಸಿಟ್ಟಿನಲ್ಲಿ ಬೀಸಿ ಒಗೆದ ಸ್ಲೇಟಿನ ಕೊಡುಗೆ ಅದು. ಗೋಡೆಯ ಮೇಲಿನ ಅಕ್ಕನಿಗೆ ಆ ಕಲೆ ಇಲ್ಲ. ಭಾವ ತಮ್ಮ ಪೆನ್ಸಿಲ್ಲಿನಲ್ಲಿ ಅದನ್ನು ಮಾಯ ಮಾಡಿದ್ದರು, ಅದೇ ತಾವು ಕೊಟ್ಟ ಮೊದಲ ಉಡುಗೊರೆ ಎಂದುಕೊಂಡಿದ್ದರು. ಅಕ್ಕ ಮಾತ್ರ ಬಂದವರಿಗೆಲ್ಲ ಅದನ್ನು ತೋರಿಸಿ, "ಅವಳು ಇವರ ಮೊದಲನೇ ಹೆಂಡ್ತಿ. ನಾನು ಆಮೇಲೆ ಬಂದೋಳು" ಎನ್ನುತ್ತಿದ್ದಳು. ನನಗೆ ಮಾತ್ರ ಆ ಫೋಟೊ ಬಹಳ ಇಷ್ಟ. ಯಾಕೆಂದು ಹೇಳಬೇಕಾಗಿಲ್ಲ.

ನನ್ನ ಗಡಿಯಾರ ರಿಪೇರಿ ಅಂಗಡಿ ಸ್ಟುಡಿಯೋಗೆ ಅಂಟಿಕೊಂಡೇ ಇದೆ. ಹಾಗಾಗಿ ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನ್ ಬಂದ ಮೇಲೆ ಭಾವನ ಅಂಗಡಿ ಹೇಗೆ ಖಾಲಿಯಾಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ಗಿರಾಕಿ ಹೋದರು, ಹಿಂದೆಯೇ ಭಾವನ ಮಾತು ಹೋಯಿತು. ಬೆಳಗ್ಗೆ ಬಂದು ಸ್ಟೂಲಿನ ಮೇಲೆ ಕೂತರೆ ಸಂಜೆಯವರೆಗೆ ಬಾಯಿಗೆ ಬೀಗ. ಹೂಂ, ಊಹೂಂ ಎರಡರಲ್ಲೇ ಒಂದು ವರ್ಷ ಕಳೆದರು. ಅಕ್ಕ ನನ್ನ ಅಂಗಡಿಗೆ ಬಂದು, ಗಡಿಯಾರ ನೋಡುವವಳಂತೆ ನಿಂತು, ಒಳಗೊಳಗೇ ಅಳುತ್ತಿದ್ದಳು. ಆ ವರ್ಷ ನೆನೆದರೆ ಈಗಲೂ ನನಗೆ ಹೆದರಿಕೆಯಾಗುತ್ತದೆ.

ಆ ಬೀಗ ತೆಗೆದದ್ದು ಒಂದು ಗಿಡುಗ. ಸ್ಟುಡಿಯೋದ ನೀಲಿ ಪರದೆಯನ್ನು ಒಗೆದು ತಾರಸಿಯಲ್ಲಿ ಹರವಲು ಹೋದ ಭಾವ, ನೀರಿನ ಟ್ಯಾಂಕಿನ ಮೇಲೆ ಗುಬ್ಬಿಯೊಂದನ್ನು ಕಾಲಲ್ಲಿ ಒತ್ತಿ ಹಿಡಿದು ತಮ್ಮನ್ನೇ ದಿಟ್ಟಿಸುತ್ತಿದ್ದ ಹಕ್ಕಿಯನ್ನು ಕಂಡರಂತೆ. ಧಡಧಡ ಇಳಿದು ಬಂದರು. "ಲೋ, ಎಂಥಾ ಮುಖ ಕಣೋ! ಒಂದು ಸಲವೂ ಕಣ್ಣು ಮಿಟುಕಿಸಲಿಲ್ಲ! ಇಷ್ಟು ವರ್ಷದಲ್ಲಿ ಇಂಥ ಗಿರಾಕಿ ಸಿಕ್ಕಿರ್ಲಿಲ್ಲ!" ವರ್ಷದ ನಂತರ ಅವರ ಬಾಯಿಂದ ಬಂದ ಮೊದಲ ಉದ್ದನೆಯ ಮಾತು ಅದು.

ನಾನು ಹದ್ದಿರಬೇಕು ಎಂದೆ. ಅದಕ್ಕೆ ಬೈಸಿಕೊಂಡೆ. ಹದ್ದು ಬೇರೆ, ಗಿಡುಗ ಬೇರೆ. ಇದರ ಎದೆಯ ಮೇಲೆ ಅಡ್ಡಗೆರೆ, ಕಣ್ಣು ಹಳದಿ, ಹೆಣ್ಣು ಗಂಡಿಗಿಂತ ದೊಡ್ಡದು ಎಂದೆಲ್ಲ ಒಂದೇ ತಿಂಗಳಲ್ಲಿ ಕಲಿತುಬಿಟ್ಟರು. ಸ್ಟುಡಿಯೋದ ಎರಡು ದೀಪ ಮಾರಿ, ಅಂಗಡಿ ಮುಚ್ಚುತ್ತಿದ್ದ ಸ್ನೇಹಿತನಿಂದ ಅವನ ಉದ್ದನೆಯ ಲೆನ್ಸ್ ತಂದರು. ಗಿಡುಗದ ಜೋಡಿ ಗೂಡು ಕಟ್ಟಿದ್ದು ರಸ್ತೆಯಾಚೆ, ಟೆಲಿಫೋನ್ ಕಚೇರಿಯ ಅಂಗಳದ ಹಳೆಯ ಮರದಲ್ಲಿ. ಕೆಳಗಿನಿಂದ ನೋಡಿದರೆ ಒಂದು ಹಿಡಿ ಕಡ್ಡಿ. ತಾರಸಿಯಿಂದ ನೋಡಿದರೆ ಅದೊಂದು ತುಂಬಿದ ಮನೆ.

ಮೂರು ವರ್ಷ ಭಾವ ಅವುಗಳ ಫೋಟೊ ತೆಗೆದರು. ತೆಗೆದದ್ದನ್ನು ಹಾಗೇ ಬಿಟ್ಟರೆ ಅವರು ನನ್ನ ಭಾವ ಹೇಗಾದಾರು? ಗಿಡುಗದ ಮುಂದೆ ಬಂದ ಕಡ್ಡಿ ಅಳಿಸಿದರು. ಅಡ್ಡ ಬಂದ ವಿದ್ಯುತ್ ತಂತಿ ಅಳಿಸಿದರು. ಮುರಿದ ಬಾಲದ ಗರಿ ಸೇರಿಸಿದರು. ಕೊನೆಗೆ ಮರವನ್ನೇ ಅಳಿಸಿ ತಿಳಿನೀಲಿ ಹಿನ್ನೆಲೆ ಕೂರಿಸಿದರು. ಆಲ್ಬಮ್ಮಿನ ತುಂಬ ನಲವತ್ತು ಗಿಡುಗಗಳು, ಒಂದೊಂದೂ ನಾಳೆಯೇ ಕೆಲಸದ ಅರ್ಜಿ ಹಾಕುವ ಹಾಗೆ ನೆಟ್ಟಗೆ ಕೂತಿದ್ದವು. "ಕಿವಿ ಎರಡೂ ಕಾಣ್ಬೇಕಿತ್ತು, ಭಾವ" ಎಂದು ನಾನು ಕೆಣಕಿದರೆ, "ಇದ್ದಿದ್ರೆ ತೋರಿಸ್ತಿದ್ದೆ" ಎನ್ನುತ್ತಿದ್ದರು.

ಅವರ ಕಣ್ಣು ಕುಕ್ಕುತ್ತಿದ್ದ ಇನ್ನೊಂದು ವಸ್ತು ನನ್ನ ಬನಿಯನ್. ಮರದ ಹಿಂದಿನ ಹಳದಿ ಕಟ್ಟಡದ ಎರಡನೇ ಮಹಡಿ ನನ್ನ ಮನೆ. ಬಾಲ್ಕನಿಯಲ್ಲಿ ನಾನು ಒಣಹಾಕಿದ್ದೆಲ್ಲ ಅವರ ಲೆನ್ಸಿಗೆ ಬೀಳುತ್ತಿತ್ತು. ಬೆಳಗ್ಗೆ ಏಳಕ್ಕೆ ಫೋನ್: "ನಿನ್ನ ಬನಿಯನ್ ಒಳಗೆ ತಗೋ. ತೂತು ಬೇರೆ ಬಿದ್ದಿದೆ." ಸ್ವಂತ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಹಕ್ಕೂ ಇಲ್ಲವೇ ಎಂದು ನಾನು ಎಷ್ಟು ಸಲ ಜಗಳಕ್ಕೆ ನಿಂತಿದ್ದೇನೋ.

ಆ ಬುಧವಾರ ಮರಕ್ಕೆ ಕೆಂಪು ಬಣ್ಣದ ಗುರುತು ಬಿತ್ತು. ಪಕ್ಕದಲ್ಲೊಂದು ನೋಟೀಸು: ವಾಹನ ನಿಲ್ಲಿಸಲು ಜಾಗ ಬೇಕಾಗಿದೆ, ಸೋಮವಾರ ಮರ ಕಡಿಯಲಾಗುವುದು, ತಕರಾರಿದ್ದರೆ ಶುಕ್ರವಾರ ಸಂಜೆ ಐದರೊಳಗೆ ಪುರಾವೆಯೊಂದಿಗೆ ಬನ್ನಿ. ಭಾವ ಅದನ್ನು ಎರಡು ಸಲ ಓದಿ, ಏನೂ ಹೇಳದೆ ಬಂದು ಸ್ಟೂಲಿನ ಮೇಲೆ ಕೂತರು. ಆ ಕೂರುವಿಕೆ ನನಗೆ ಗೊತ್ತು. ಅಕ್ಕನಿಗೂ ಗೊತ್ತು. ಅವಳು ನನ್ನನ್ನು ಪಕ್ಕಕ್ಕೆ ಕರೆದು, "ಏನಾದ್ರೂ ಮಾಡೋ. ಇವರು ಮತ್ತೆ ಹಂಗಾದ್ರೆ ನನ್ ಕೈಲಿ ಆಗಲ್ಲ" ಎಂದಳು.

ಭಾವನನ್ನೂ ಆಲ್ಬಮ್ಮನ್ನೂ ಎಬ್ಬಿಸಿಕೊಂಡು ಪಾಲಿಕೆಯ ಮರಗಳ ವಿಭಾಗಕ್ಕೆ ಹೋದೆ. ಅಲ್ಲಿನ ಅಧಿಕಾರಿ ಮೇಡಂ ಕೆಟ್ಟವರಲ್ಲ. ಮೇಜಿನ ಮೇಲೆ ಫೈಲುಗಳ ರಾಶಿ, ಮೂಗಿನ ತುದಿಯಲ್ಲಿ ಕನ್ನಡಕ. ಮರದಲ್ಲಿ ಮರಿಗಳಿದ್ದರೆ ಅವು ಹಾರುವ ತನಕ ಕಡಿಯುವಂತಿಲ್ಲ ಎಂಬ ನಿಯಮವನ್ನು ಅವರೇ ಹೇಳಿದರು. ಆದರೆ ಅವರ ಕಡೆಯವನು ಬಂದು, ಕೆಳಗೆ ನಿಂತು ನೋಡಿ, ಖಾಲಿ ಗೂಡು ಎಂದು ಬರೆದು ಹೋಗಿದ್ದ. ಭಾವ ಹೆಮ್ಮೆಯಿಂದ ಆಲ್ಬಮ್ ಬಿಚ್ಚಿದರು.

"ಅಬ್ಬಾ, ಚೆನ್ನಾಗಿದೆ" ಎಂದರು ಮೇಡಂ. ಇನ್ನೊಂದು ಹಾಳೆ ತಿರುವಿದರು. "ಮರ ಎಲ್ಲಿ?"

"ಮರ... ತೆಗ್ದುಬಿಟ್ಟಿದ್ದೀನಿ ಮೇಡಂ."

"ಗೂಡು?"

"ಅದೂನೂ. ಸ್ವಲ್ಪ ಗಲೀಜಾಗಿ ಕಾಣ್ತಿತ್ತು."

"ನೀವೇ ಮರ ತೆಗೆದ ಮೇಲೆ ನಮ್ಮ ಮೇಲೇನು ತಕರಾರು?" ಎಂದು ಅವರು ನಕ್ಕೇಬಿಟ್ಟರು. ಆಮೇಲೆ ಭಾವನ ಮುಖ ನೋಡಿ ನಗು ನಿಲ್ಲಿಸಿದರು. "ಇದು ಯಾವ ಊರಿನ ಹಕ್ಕಿ ಅಂತಾನೂ ಹೇಳೋಕಾಗಲ್ಲ ಸರ್. ಮೂಲ ಫೋಟೊ ಇದ್ಯಾ?"

ಇರಲಿಲ್ಲ. ತಿದ್ದಿದ ಫೋಟೊ ಉಳಿಸಿ ಮೂಲವನ್ನು ಅಳಿಸಿಹಾಕುವುದು ಭಾವನ ಹಳೆಯ ಪದ್ಧತಿ. ಗಿರಾಕಿಯ ಮೊಡವೆ ಸ್ಟುಡಿಯೋದಲ್ಲಿ ಉಳಿಯಬಾರದು ಎನ್ನುವುದು ಅವರ ಮರ್ಯಾದೆ. ಮೂರು ವರ್ಷದ ಗಿಡುಗಗಳ ಮನೆ, ಮರ, ಸಂಸಾರ ಎಲ್ಲವನ್ನೂ ಅದೇ ಮರ್ಯಾದೆಯಿಂದ ಒರೆಸಿ ಎಸೆದಿದ್ದರು.

"ಈ ವಾರ ಹದಿನೇಳು ಮರ ನೋಡಬೇಕು ನಾನು, ನಿಮ್ಮ ತಾರಸಿಗೆ ಬರೋಕಾಗಲ್ಲ" ಎಂದರು ಮೇಡಂ. "ಮರ, ಗೂಡು, ಹಕ್ಕಿ, ಮರಿ, ಅಕ್ಕಪಕ್ಕದ ಕಟ್ಟಡ, ಎಲ್ಲಾ ಒಂದೇ ಫೋಟೊದಲ್ಲಿ ತನ್ನಿ. ಶುಕ್ರವಾರ ಐದು ಗಂಟೆ."

ಗುರುವಾರ ಬೆಳಗ್ಗೆಯಿಂದ ತಾರಸಿಯಲ್ಲಿ ಕಾವಲು. ತಾಯಿ ಗೂಡಿನಲ್ಲಿ ಹುದುಗಿ ಕೂತಿತ್ತು, ಬಾಲದ ತುದಿ ಬಿಟ್ಟರೆ ಏನೂ ಕಾಣದು. ಗಂಡು ಬೇಟೆ ತಂದಾಗ ಅದು ಎದ್ದು ಬರುತ್ತದೆ, ಆ ನಾಲ್ಕಾರು ಕ್ಷಣ ಮಾತ್ರ ಮರಿಗಳು ಕಾಣುತ್ತವೆ. ಅಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಆದರೆ ಭಾವನಿಗೆ ತಂತಿಯ ಚಿಂತೆ, ಕೊಂಬೆಗೆ ಸಿಕ್ಕಿಕೊಂಡಿದ್ದ ಹರಕು ಪ್ಲಾಸ್ಟಿಕ್ ಚೀಲದ ಚಿಂತೆ. ಕೊನೆಗೆ, "ಆ ನಿನ್ನ ಬನಿಯನ್ ತೆಗೆಯೋ, ಹೋಗು! ಆಫೀಸಿಗೆ ಕೊಡೋ ಫೋಟೊ!" ಎಂದು ನನ್ನನ್ನು ಓಡಿಸಿದರು.

ಮೆಟ್ಟಿಲಿಳಿದು, ರಸ್ತೆ ದಾಟಿ, ನನ್ನ ಎರಡು ಮಹಡಿ ಹತ್ತಿ, ಏದುಸಿರು ಬಿಡುತ್ತ ಬಾಲ್ಕನಿಗೆ ಹೋದೆ. ಬನಿಯನ್ ಎತ್ತಿ ಹಿಡಿದು ಇದೇನಾ ಎಂದು ತೋರಿಸಿದೆ. ಭಾವ ಲೆನ್ಸಿನಲ್ಲಿ ನನ್ನನ್ನೇ ನೋಡುತ್ತ, ಹೌದು ಹೌದು ಎಂದು ಕೈ ಬೀಸಿದರು. ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಗಂಡು ಗಿಡುಗ ಬಂತು, ಬೇಟೆ ಕೊಟ್ಟಿತು, ಹೋಯಿತು. ಆ ದಿನ ಅದು ಇನ್ನೊಮ್ಮೆ ಬಂದದ್ದು ಕತ್ತಲಾಗುವ ಹೊತ್ತಿಗೆ. ಆಗ ಬೆಳಕು ಸಾಲಲಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಶುಕ್ರವಾರ ಬೆಳಗ್ಗೆ ಬೇಕೆಂದೇ ಎರಡು ಬನಿಯನ್ ಒಗೆದು ನೇತುಹಾಕಿದೆ, ತೂತಿನದು ಮುಂದೆ. ತಾರಸಿಗೆ ಹೋದರೆ ಭಾವ ಅದನ್ನು ನೋಡಿಯೂ ಏನೂ ಅನ್ನಲಿಲ್ಲ. ಅನ್ನದಿದ್ದದ್ದಕ್ಕೇ ನನಗೆ ಹೆಚ್ಚು ಭಯವಾಯಿತು. ಮಧ್ಯಾಹ್ನ ಅಕ್ಕ ನೀರು ತಂದಳು. ಭಾವ ಕ್ಯಾಮೆರಾದ ಮುಕ್ಕಾಲಿಯನ್ನು ಮತ್ತೆ ಅತ್ತ ಸರಿಸುತ್ತಿದ್ದರು, ತಂತಿ ತಪ್ಪಿಸಲು. ಅಕ್ಕ ನೀರಿನ ಚೊಂಬನ್ನು ಕೆಳಗಿಟ್ಟು, ಮುಕ್ಕಾಲಿಯ ಕಾಲನ್ನು ಕೈಯಲ್ಲಿ ಹಿಡಿದುಕೊಂಡಳು.

"ಕಸ ಇದ್ರೆ ಇರ್ಲಿ ರೀ. ಆ ಕಸದ ಮಧ್ಯೇನೇ ಅದು ಸಂಸಾರ ಮಾಡ್ತಿರೋದು. ನಿಮ್ಮ ನೀಲಿ ಪರದೆ ಮೇಲಲ್ಲ."

ಮುಕ್ಕಾಲಿ ಅಲ್ಲೇ ನಿಂತಿತು. ಅಕ್ಕ ಕಾಲು ಬಿಡಲಿಲ್ಲ.

ಮೂರೂ ಹತ್ತಕ್ಕೆ, ನಾನು ಗಡಿಯಾರದವನು, ಸಮಯದಲ್ಲಿ ತಪ್ಪುವುದಿಲ್ಲ, ಕೀ ಕೀ ಎಂಬ ಕೂಗು ಕೇಳಿತು. ಇಲಿಯೊಂದನ್ನು ನೇತಾಡಿಸಿಕೊಂಡು ಗಂಡು ಬಂತು. ತಾಯಿ ಎದ್ದು ಗೂಡಿನ ಅಂಚಿಗೆ ಬಂದು ನಿಂತಿತು. ಅದರ ಕಾಲ ಬಳಿ ಬಿಳಿಯ ಉಣ್ಣೆಯಂಥ ತಲೆ ಒಂದು, ಎರಡು, ಮೂರು, ಬಾಯಿ ತೆರೆದುಕೊಂಡು ಮೇಲೆದ್ದವು. ಟಕ ಟಕ ಟಕ ಎಂದು ಕ್ಯಾಮೆರಾ ಓಡಿತು. ಭಾವ ತಲೆಯೆತ್ತಿದಾಗ ಅವರ ಕಣ್ಣು ಒದ್ದೆಯಾಗಿತ್ತು. "ತಂತಿ ಬಂತು" ಎಂದರು. "ಚೀಲಾನೂ ಬಂತು. ಬನಿಯನ್ನೂ ಬಂತು. ಎಲ್ಲಾ ಬಂತು."

ಕಂಪ್ಯೂಟರಿನ ಮುಂದೆ ತಿದ್ದಲು ಅವರ ಕೈ ಕಡಿಯುತ್ತಿದ್ದುದನ್ನು ನಾನು ನೋಡಿದೆ. ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಎಡಗೈಯಲ್ಲಿ ಪ್ರಿಂಟ್ ಒತ್ತಿದರು. ನಾಲ್ಕೂ ನಲವತ್ತಕ್ಕೆ ಮೇಡಂ ಎದುರು ನಿಂತಿದ್ದೆವು.

ಅವರು ಕನ್ನಡಕ ಸರಿಮಾಡಿಕೊಂಡು ಮರಿಗಳನ್ನು ಎಣಿಸಿದರು. "ಮೂರು! ಖಾಲಿ ಗೂಡು ಅಂತ ಬರೆದಿದ್ದಾನಲ್ಲ ಮಹಾನುಭಾವ. ಆದ್ರೆ ಇದು ಅದೇ ಮರ ಅನ್ನೋದಕ್ಕೆ?" ಹಿಂದಿನ ಹಳದಿ ಗೋಡೆಯ ಮೇಲೆ ಕಟ್ಟಡದ ನಂಬರು ಅರ್ಧ ಕಾಣುತ್ತಿತ್ತು. ಇನ್ನರ್ಧ ಕೊಂಬೆಯ ಮರೆ. ಮೇಡಂ ಫೈಲು ಬಿಚ್ಚಿ ನಮ್ಮ ತಕರಾರಿನ ಮೇಲೆ ಅವರ ಕಡೆಯವನು ಅಂದು ಬೆಳಗ್ಗೆ ಮತ್ತೊಮ್ಮೆ ಹೋಗಿ ಕೆಳಗಿನಿಂದ ತೆಗೆದಿದ್ದ ಫೋಟೊ ಹೊರತೆಗೆದರು. ಅದರಲ್ಲಿ ಕೆಂಪು ಗುರುತಿನ ಮರ, ಹಿಂದೆ ಬಾಲ್ಕನಿ, ಬಾಲ್ಕನಿಯಲ್ಲಿ ಎರಡು ಬನಿಯನ್. ಎರಡನ್ನೂ ಅಕ್ಕಪಕ್ಕ ಇಟ್ಟರು. "ಇದೇ ತೂತು" ಎಂದರು. "ಯಾರದ್ರೀ ಈ ಬನಿಯನ್?"

ನಾನು ಪರೀಕ್ಷೆಯಲ್ಲಿ ಪಾಸಾದವನಂತೆ ಕೈ ಎತ್ತಿದೆ.

ಮರಿ ಹಾರುವವರೆಗೆ ಕೆಲಸ ನಿಲ್ಲಿಸಲು ಬರೆದುಕೊಟ್ಟರು. ಆಮೇಲೂ ಇಡೀ ಮರದ ಬದಲು ವಾಹನಗಳಿಗೆ ಅಡ್ಡ ಬರುವ ಕೊಂಬೆ ಕಡಿದರೆ ಸಾಕೇ ನೋಡುತ್ತೇನೆ ಎಂದರು. ಮಾತು ಕೊಡಲಿಲ್ಲ, ನೋಡುತ್ತೇನೆ ಎಂದರು. ಕೆಂಪು ಗುರುತು ಈಗಲೂ ಇದೆ. ಮರವೂ ಇದೆ. ಮರಿಗಳಲ್ಲಿ ಎರಡು ಮುಂದಿನ ತಿಂಗಳು ಹಾರಿ ಟ್ಯಾಂಕಿನ ಮೇಲೆ ಬಂದು ಕೂತವು. ಮೂರನೆಯದು ಒಂದು ವಾರ ತಡಮಾಡಿ, ಅಕ್ಕ ಊಟ ಬಿಡುವ ಮಟ್ಟಕ್ಕೆ ಬಂದ ಮೇಲೆ ಹಾರಿತು.

ಆ ಫೋಟೊ ಈಗ ಸ್ಟುಡಿಯೋದ ಮುಂದಿನ ಗಾಜಿನೊಳಗಿದೆ. ದಾರಿಹೋಕರು ನಿಂತು, ಇದು ನಮ್ಮ ಬೀದೀನೇ ಅಲ್ವಾ ಎಂದು ಬೆರಳು ತೋರಿಸುತ್ತಾರೆ, ಒಳಗೆ ಬರುತ್ತಾರೆ. ಭಾವ ಮಾತಾಡುತ್ತಾರೆ, ಕೆಲವೊಮ್ಮೆ ಸಾಕು ಎನ್ನಿಸುವಷ್ಟು.

ಮೂರನೆಯ ಮರಿ ಹಾರಿದ ದಿನ ಅಕ್ಕ ಸ್ಟುಡಿಯೋಗೆ ಬಂದು, ಗಿರಾಕಿಯ ಸ್ಟೂಲಿನ ಮೇಲೆ ಕೂತು, "ನನ್ನದೂ ಒಂದು ತೆಗೀರಿ. ಹಂಗೇ" ಎಂದಳು. ಭಾವ ತೆಗೆದರು. ಕಂಪ್ಯೂಟರಿನ ಪರದೆಯ ಮೇಲೆ ಅಕ್ಕ ಬಂದಳು, ಬಿಳಿಗೂದಲು, ಕತ್ತಿನ ಸುಕ್ಕು, ಎಡಹುಬ್ಬಿನ ಮೇಲೆ ನನ್ನ ಸ್ಲೇಟು. ಭಾವನ ಕೈ ತಾನಾಗಿ ಮೌಸಿನತ್ತ ಹೋಗಿ, ಹುಬ್ಬಿನ ಹತ್ತಿರ ನಿಂತು, ಹಿಂದಕ್ಕೆ ಬಂತು. ನನಗೆ ದುಃಖವೂ ಆಯಿತು, ಹಗುರವೂ ಆಯಿತು. ಐವತ್ತು ವರ್ಷದ ಮೇಲೆ ಮೊದಲ ಸಲ, "ಅಕ್ಕ, ತಪ್ಪಾಯ್ತು" ಎಂದೆ. ಅವಳು ನನ್ನ ತಲೆಗೊಂದು ಮೊಟಕಿದಳು.

ಭಾವ ಬಹಳ ಹೊತ್ತು ಆ ಮುಖವನ್ನೇ ನೋಡಿದರು. "ಹಿಂಗೇ ಚೆನ್ನಾಗಿದ್ದೀಯಲ್ಲೇ. ಇಷ್ಟು ವರ್ಷ ಹೇಳಲೇ ಇಲ್ವಲ್ಲ ನೀನು?"

"ಮೂವತ್ತನಾಲ್ಕು ವರ್ಷದಿಂದ ಬಂದೋರಿಗೆಲ್ಲ ಹೇಳ್ತಾನೇ ಇದ್ದೀನಿ" ಎಂದಳು ಅಕ್ಕ.