ಚುಕ್ಕಿಗೆ ಇಟ್ಟ ಕೊಳವೆ

ಪಿಎಚ್.ಡಿ. ಪ್ರಬಂಧ ಸಲ್ಲಿಸಲು ಉಳಿದದ್ದು ಐದೇ ದಿನ. ಎರಡು ಸಲ ಗಡುವು ಮುಂದೂಡಿಸಿಕೊಂಡಾಗಿತ್ತು. ಈ ಸೋಮವಾರ ಕೊಡದಿದ್ದರೆ ನೋಂದಣಿಯೇ ರದ್ದು. ಅಂಥ ಹೊತ್ತಿನಲ್ಲಿ, ಕಮಲಾಪುರದಿಂದ ಕಲಬುರಗಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ, ಜಂಬಕ್ಕೆಂದು ಲ್ಯಾಪ್‌ಟಾಪ್ ತೆಗೆದು ಅಪ್ಪನಿಗೆ ನನ್ನ ಪ್ರಬಂಧದ ಚಿತ್ರ ತೋರಿಸಿದೆ. ಬೇಕಿತ್ತೇ ನನಗೆ?

ಅಪ್ಪ ಕಲಬುರಗಿಯ ನೆಹರು ಗಂಜಿನ ದಾಲ್ ಮಿಲ್ಲಿನಲ್ಲಿ ತೊಗರಿ ಹೊಟ್ಟು ಹಾರಿಸುವ ಬ್ಲೋವರ್ ನೋಡಿಕೊಳ್ಳುತ್ತಾನೆ. ಸಾಯುವ ನಕ್ಷತ್ರ ಮೈಮೇಲಿನ ಅನಿಲವನ್ನು ಹೊರಗೆ ಚೆಲ್ಲುತ್ತದೆ, ಅದನ್ನು ಗ್ರಹ ನೀಹಾರಿಕೆ ಎನ್ನುತ್ತಾರೆ, ಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದೆಲ್ಲ ವಿವರಿಸಿದೆ. ಅನಿಲ ಸುತ್ತಲೂ ಹರಡಬೇಕು. ಕೆಲವು ಕಡೆ ಮಾತ್ರ ಎರಡು ದಿಕ್ಕಿಗೆ ಸಪೂರ ಧಾರೆಯಾಗಿ ನೆಟ್ಟಗೆ ಚಿಮ್ಮುತ್ತದೆ. ಪಕ್ಕದಲ್ಲೇ ಸುತ್ತುವ ಜೊತೆ ನಕ್ಷತ್ರದ ಕೈವಾಡ ಅದು ಎಂದು ಹಲವರು ಹೇಳುತ್ತಾರೆ. ಜೊತೆಗಾರ ಬೇಡವೇ ಬೇಡ, ಒಂಟಿ ನಕ್ಷತ್ರದ ಗಾಳಿಯೇ ಸಾಕು ಎಂಬುದು ನನ್ನ ನಾಲ್ಕು ವರ್ಷದ ಸಾಧನೆ.

ಅಪ್ಪ ಚಿತ್ರವನ್ನೇ ನೋಡುತ್ತ ಕೂತ. "ಹೊಟ್ಟು ನೆಟ್ಟಗ ಹೋಗ್ಬೇಕಂದ್ರ ಕೊಳವಿ ಬೇಕವ್ವಾ. ಕೊಳವಿ ತೆಗದ್ರ ಮಿಲ್ ತುಂಬಾ ಹೊಟ್ಟೇ. ನಿನ್ನ ಚುಕ್ಕಿಗಿ ಕೊಳವಿ ಯಾರ್ ಇಟ್ಟಾರ?"

ನಕ್ಕುಬಿಟ್ಟೆ. ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜಗತ್ ವೃತ್ತ ದಾಟುವಷ್ಟರಲ್ಲಿ ನಗು ಇಂಗಿತ್ತು. ಕಂಪ್ಯೂಟರ್ ಬೇಗ ಮುಗಿಸಲೆಂದು ನಾನು ನಕ್ಷತ್ರದ ಕಾಲುಭಾಗವನ್ನಷ್ಟೇ ಲೆಕ್ಕಕ್ಕೆ ಹಾಕಿ, ಉಳಿದದ್ದನ್ನು ಅದರ ಕನ್ನಡಿ ಬಿಂಬದಿಂದ ತುಂಬಿದ್ದೆ. ಕನ್ನಡಿ ನಿಂತ ನಡುಗೆರೆಗೆ ಬಂದ ಅನಿಲ ದಾಟಲಾಗದೆ, ಅದಕ್ಕೇ ಆತುಕೊಂಡು ಮೇಲಕ್ಕೆ ಜಾರಿದ್ದರೆ? ಆ ಗೋಡೆ ನಾನು ಕಟ್ಟಿದ್ದು.

ಪ್ರಯೋಗಾಲಯದಲ್ಲಿ ಗೋಡೆ ತೆಗೆದು ಇಡೀ ನಕ್ಷತ್ರವನ್ನೇ ಲೆಕ್ಕಕ್ಕೆ ಹಾಕಿದೆ. ಶನಿವಾರ ಮಧ್ಯಾಹ್ನ ಫಲಿತಾಂಶ ಬಂತು: ಅನಿಲ ಉಬ್ಬಿದ ಪೂರಿಯ ಹಾಗೆ ದುಂಡಗಿತ್ತು. ಧಾರೆಯ ಸುಳಿವೇ ಇಲ್ಲ. ನಾಲ್ಕು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅಲ್ಲೇ ಮೇಜಿಗೆ ಹಣೆ ಚಚ್ಚಿಕೊಂಡು ಅತ್ತೆ.

ಮಾರ್ಗದರ್ಶಕರು ಚಿತ್ರ ನೋಡಿ ಬಾಗಿಲು ಮುಂದೆ ಮಾಡಿದರು. "ಯಾರೂ ಕೇಳಂಗಿಲ್ರಿ. ಹಳೇದೇ ಕೊಟ್ಟುಬಿಡ್ರಿ."

ಅವರ ಮಾತು ನಿಜ. ಇಷ್ಟು ವರ್ಷ ಸಮಿತಿಯವರ ಮುಂದೆ ನಿಂತು ವರದಿ ಓದಿದ್ದೇನೆ, ಒಬ್ಬರೂ ಕೇಳಿರಲಿಲ್ಲ. ಆದರೆ ಕೇಳಿದವನೊಬ್ಬ ನಮ್ಮ ಮನೆಯಲ್ಲೇ ಇದ್ದ.

ಸೋಮವಾರ ನಾನು ಪ್ರಬಂಧ ಕೊಡಲಿಲ್ಲ. ಸಂಜೆ ಊರಿಗೆ ಮರಳುವ ಬಸ್ಸಿನಲ್ಲಿ ಹೇಳಿದೆ: "ಕೊಳವಿ ನಾನೇ ಇಟ್ಟಿದ್ದೆ ಅಪ್ಪಾ. ಬರದದ್ದೆಲ್ಲಾ ಸುಳ್ಳಾತು. ಎಲ್ಲಾ ಮುಗೀತು."

ಅಂಗಿಯ ಮೇಲಿನ ಹೊಟ್ಟು ಕೊಡವುತ್ತಿದ್ದವನು ಕೈ ನಿಲ್ಲಿಸಿದ.

"ನಾ ಕೇಳಬಾರದಿತ್ತವ್ವಾ" ಎಂದ.

ಸರಿಯಾದ ಪ್ರಶ್ನೆ ಕೇಳಿದ್ದು ನೀನೊಬ್ಬನೇ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಕಮಲಾಪುರ ಬಂದುಬಿಟ್ಟಿತು. ಅಂದಿನಿಂದ ಅಪ್ಪ ನನ್ನನ್ನು ಏನೂ ಕೇಳುವುದಿಲ್ಲ.