ನಿಂಬೆಹಣ್ಣು ತಿಂದ ಹೊಳಪು

ಈ ಸಲ ದಸರೆಯ ಖಂಡೆ ಪೂಜೆ, ಅಂದರೆ ಆಯುಧಪೂಜೆ, ಮುಗಿದ ಮರುದಿನ ಬನ್ನಿ ಎಲೆ ಕೊಡಲೆಂದು ಹಾವೇರಿಯ ಒಂದು ಕಾರ್ಖಾನೆಗೆ ಹೋಗಿದ್ದೆ. ಒಳಗೆ ಕಾಲಿಟ್ಟೊಡನೆ ಮೂಗಿಗೆ ಬಡಿದದ್ದು ಹೆಚ್ಚಿದ ನಿಂಬೆಹಣ್ಣಿನ ವಾಸನೆ. ಯಂತ್ರಗಳ ಬುಡದಲ್ಲಿ ಕುಂಕುಮ ಸವರಿದ ಹೋಳುಗಳು ಒಣಗುತ್ತಿದ್ದವು. ಉಳಿದವರಿಗೆ ಅದು ಹಬ್ಬದ ವಾಸನೆ. ನನಗೆ ಮಾತ್ರ ಕಾಕಾ ನೆನಪಾಗುತ್ತಾರೆ.

ಕಾಕಾ ನನಗೆ ಸಂಬಂಧಿಕರೇನಲ್ಲ. ರಾಣೆಬೆನ್ನೂರಿನಲ್ಲಿ ನನ್ನ ಲೇತ್ ಶೆಡ್ಡಿನ ಪಕ್ಕದಲ್ಲಿ ಅವರ ಪ್ಲೇಟಿಂಗ್ ಅಂಗಡಿ ಇತ್ತು. ನಾನು ಕಬ್ಬಿಣ ಕಡೆದು ಶಾಫ್ಟು, ಬುಶ್ಶು ಮಾಡಿ ಕೊಟ್ಟರೆ ಅವರು ಅವನ್ನು ತೊಟ್ಟಿಯಲ್ಲಿ ಇಳಿಬಿಟ್ಟು, ಕರೆಂಟು ಹಾಯಿಸಿ, ಮೇಲೆ ಝಿಂಕೋ ನಿಕ್ಕಲ್ಲೋ ಏರಿಸುತ್ತಿದ್ದರು. ಆ್ಯಸಿಡ್ಡಿನ ಹೊಗೆ ಕುಡಿದು ಕುಡಿದು ಅವರ ಮೂಗು ಸತ್ತೇ ಹೋಗಿತ್ತು. ಆದರೆ ನಾಲಿಗೆ ಬಲು ಚುರುಕು. ಬೈಯಲು ಯಾರೂ ಸಿಗದಿದ್ದರೆ ನನ್ನ ಶೆಡ್ಡಿಗೆ ಬಂದು ಚಹಾ ಕುಡಿದು ನನ್ನನ್ನೇ ಬೈದು ಹೋಗುತ್ತಿದ್ದರು.

ಮೊದಮೊದಲು ನಾನು ಶಾಫ್ಟನ್ನು ಬೇರಿಂಗಿಗೆ ಸರಿಯಾಗಿ ಕೂರುವ ಅಳತೆಗೇ ಕಡೆದು ಒಯ್ಯುತ್ತಿದ್ದೆ. ಪ್ಲೇಟಿಂಗ್ ಏರಿದ ಮೇಲೆ ಅದು ದಪ್ಪಗಾಗಿ ಬೇರಿಂಗಿನೊಳಗೆ ಹೋಗುತ್ತಲೇ ಇರಲಿಲ್ಲ. "ಬೂಟಿನ ಅಳತಿ ಕೊಡೂಮುಂದ ಕಾಲಚೀಲ ಹಾಕ್ಕೊಂಡಿರಬೇಕಲೇ ತಮ್ಮಾ," ಎಂದು ಕಾಕಾ ನಕ್ಕಿದ್ದರು. ಆಮೇಲೆ ಯಾವ ಲೋಹದ ಪದರಕ್ಕೆ ಎಷ್ಟು ಜಾಗ ಬಿಟ್ಟು ಕಡೆಯಬೇಕೆಂದು ಅವರೇ ಕಲಿಸಿದರು. ಆ ಕಲಿಕೆಯಿಂದಲೇ ನಾನು ಇವತ್ತಿಗೂ ಉಣ್ಣುತ್ತಿದ್ದೇನೆ.

ಹಾವೇರಿಯ ಕಾರ್ಖಾನೆಯ ಯಜಮಾನರೊಬ್ಬರು ಬ್ಯಾಡಗಿಯ ವ್ಯಾಪಾರಸ್ಥರಿಗಾಗಿ ಮೆಣಸಿನಕಾಯಿ ಪುಡಿ ಮಾಡುವ ಯಂತ್ರ ತಯಾರಿಸುತ್ತಿದ್ದರು. ಒಂದು ದಸರೆಯ ಮುಂಚೆ ಶಾಫ್ಟುಗಳ ದೊಡ್ಡ ಕೆಲಸ ನಮ್ಮಿಬ್ಬರಿಗೂ ಬಂತು. ಕಾಕಾ ಎರಡು ತುಂಡು ಮಾದರಿ ಹಿಡಿದು ಅವರ ಮುಂದೆ ನಿಂತರು. "ಝಿಂಕ್ ತಾ ಕರಗಿ ಕಬ್ಬಿಣಾ ಉಳಸತೈತಿ, ಖರೇ. ಆದ್ರ ಹುಳಿ ತಾಗಿದ್ರ ಅದು ತಡಿಯಂಗಿಲ್ಲರಿ. ಮೆಣಸಿನಕಾಯ್ಯಾಗೂ ಹುಳಿ ಐತಿ, ಖಾರದ ಕೆಲಸಕ್ಕ ನಿಕ್ಕಲ್ ಮಾಡೂಣು."

ಯಜಮಾನರು ಎರಡನ್ನೂ ಬಿಸಿಲಿಗೆ ಹಿಡಿದು ನೋಡಿದರು. "ನಿಕ್ಕಲ್ ಹಳದಿ ಹೊಡೀತೈತಿ. ಇದು ನೋಡ್ರಿ, ಬೆಳ್ಳಿಯಂಗ ಐತಿ. ಪೂಜಾಕ್ಕ ಬ್ಯಾಡಗಿ ಮಂದಿ ಬರ್ತಾರ, ಝಿಂಕ ಇರಲಿ." ಸೀರೆ ಆರಿಸಿದಂತೆ ಆರಿಸಿದರು. ಕಾಕಾ ಗೊಣಗುತ್ತಲೇ ಝಿಂಕ್ ಏರಿಸಿದರು. ಕೆಲಸ ಮಾತ್ರ ಕನ್ನಡಿಯಂತಿತ್ತು...

ಖಂಡೆ ಪೂಜೆಯ ದಿನ ಯಜಮಾನರು ಆ ಶಾಫ್ಟುಗಳನ್ನು ಸಾಲಾಗಿ ಜೋಡಿಸಿ, ವಿಭೂತಿ ಎಳೆದು, ಒಂದೊಂದರ ಮೇಲೂ ನಿಂಬೆಹಣ್ಣಿನ ಹೋಳು ಬೋರಲು ಇಟ್ಟರು. ಪೂಜೆಗಿಟ್ಟದ್ದನ್ನು ಬನ್ನಿಯವರೆಗೆ ಮುಟ್ಟುವಂತಿಲ್ಲ. ಮರುದಿನ ಸಂಜೆ ಹೋಳು ಎತ್ತಿದರೆ ಪ್ರತಿ ಶಾಫ್ಟಿನ ಮೇಲೂ ಕಪ್ಪು ಕಲೆ. ಅದೇ ಹೊತ್ತಿಗೆ ಕಾಕಾ ಮತ್ತು ನಾನು ಬನ್ನಿ ಹಿಡಿದುಕೊಂಡು ಹೋದೆವು. ಕಾಕಾ ಕೈ ಚಾಚಿದರು. ಯಜಮಾನರು ಕೈ ಹಿಂದೆ ಕಟ್ಟಿಕೊಂಡರು.

"ಬಂಗಾರ ಆಮ್ಯಾಲ. ಮೊದಲ ನಿಮ್ಮ ಕೆಲಸ ನೋಡ್ರಿ."

ನಮ್ಮ ಕಡೆ ವರ್ಷವಿಡೀ ಮಾತು ಬಿಟ್ಟವರೂ ಆ ದಿನ ಬಂಗಾರವೆಂದು ಬನ್ನಿ ಕೊಟ್ಟು 'ಬಂಗಾರದಂಗ ಇರೂಣು' ಅನ್ನುತ್ತಾರೆ. ಚಾಚಿದ ಬನ್ನಿಯನ್ನು ಬೇಡವೆಂದವರನ್ನು ನಾನು ನೋಡಿದ್ದು ಅದೊಂದೇ ಸಲ.

"ಪ್ಲೇಟಿಂಗ್ ಕೆಟ್ಟಿಲ್ಲರಿ, ಲಿಂಬಿಹಣ್ಣು ತಿಂದೈತಿ," ಎಂದರು ಕಾಕಾ. ನಾನೂ ಅದನ್ನೇ ಹೇಳಿದೆ. ಜೊತೆಗಾರನ ಪರ ಮಾತಾಡುತ್ತಾನೆ ಎಂದು ಯಜಮಾನರು ನನ್ನನ್ನು ಬದಿಗೆ ಸರಿಸಿದರು. ಕಾಕಾ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ತಮ್ಮದೊಂದು ಝಿಂಕಿನ ತುಂಡು, ಹುಬ್ಬಳ್ಳಿಯಿಂದ ಪ್ಲೇಟಿಂಗ್ ಆಗಿ ಬಂದಿದ್ದ ಇನ್ನೊಂದು, ನಿಕ್ಕಲಿನದೊಂದು, ಮೂರನ್ನೂ ಅಂಗಳದ ಕಟ್ಟೆಯ ಮೇಲೆ ಇಟ್ಟು ಎಲ್ಲರೆದುರು ನಿಂಬೆಹಣ್ಣು ಬೋರಲು ಹಾಕಿದರು. ಮರುದಿನ ನೋಡಿದರೆ ಎರಡೂ ಝಿಂಕ್ ಕಪ್ಪಾಗಿದ್ದವು, ನಿಕ್ಕಲ್ ಇದ್ದಂತೆಯೇ ಇತ್ತು. ಬ್ಯಾಡಗಿಯಿಂದ ಬಂದಿದ್ದ ವ್ಯಾಪಾರಸ್ಥರೊಬ್ಬರು ಕಿಸಕ್ಕನೆ ನಕ್ಕುಬಿಟ್ಟರು.

ಆ ನಗೆಯೇ ಕಾಕಾಗೆ ಮುಳುವಾಯಿತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಕಾಕಾ ಹೇಳಿದ್ದು ತಪ್ಪಾಗಿದ್ದರೆ ಯಜಮಾನರು ನಾಲ್ಕು ಬೈದು ಮರೆಯುತ್ತಿದ್ದರೇನೋ. ಸರಿ ಇದ್ದದ್ದನ್ನು ಹೇಗೆ ಮರೆತಾರು? ದೇವರ ನಿಂಬೆಹಣ್ಣಿನ ಮೇಲೆ ದೂರು ಹಾಕಿದ ಮನುಷ್ಯ ಎಂದು ಶೆಡ್ಡಿನಿಂದ ಶೆಡ್ಡಿಗೆ ಮಾತು ಹಬ್ಬಿಸಿದರು. ಕಾಕಾಗೆ ಕೆಲಸ ಕೊಡುತ್ತಿದ್ದವರೆಲ್ಲ ಯಜಮಾನರ ಬೀಗರು, ಇಲ್ಲವೇ ಅವರ ಗಿರಾಕಿಗಳು. ನನ್ನೊಬ್ಬನ ಕೆಲಸದಿಂದ ಅಷ್ಟು ದೊಡ್ಡ ತೊಟ್ಟಿಗಳು ಬದುಕಲಿಲ್ಲ. ಒಂದೊಂದಾಗಿ ಒಣಗಿದವು...

ಆಮೇಲೆ ಕಾಕಾ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಸೇರಿದರು. ನೋಡಲು ಹೋದ ನನಗೆ ಸೀನು ನಿಲ್ಲಲಿಲ್ಲ. ಅವರು ಆ ಘಾಟಿನ ನಡುವೆ ಏನೂ ಆಗದವರಂತೆ ಕೂತು ಹೊಲಿಯುತ್ತಿದ್ದರು. ಬೈದಾರೆಂದು ಕಾದೆ, ಬೈಯಲಿಲ್ಲ. "ಇಲ್ಲಿ ಯಾರೂ ಹೊಳಪು ಕೇಳಂಗಿಲ್ಲ ತಮ್ಮಾ, ಆರಾಮ ಅದೇನಿ," ಎಂದರಷ್ಟೇ. ಆ ಬೈಗುಳ ನಿಂತದ್ದನ್ನು ನನ್ನಿಂದ ಸಹಿಸಲಾಗಲಿಲ್ಲ. ಮುಂದಿನ ದಸರೆಗೆ ಅವರು ಬದುಕಿ ಉಳಿಯಲಿಲ್ಲ.

ಈ ಸಲ ಹಾವೇರಿಯಲ್ಲಿ ನಾನು ಹೋದದ್ದು ಅದೇ ಕಾರ್ಖಾನೆಗೆ. ಅನ್ನದ ಋಣ, ಹೋಗದೆ ನಡೆಯುವುದಿಲ್ಲ. ಹೊಸ ಶಾಫ್ಟುಗಳನ್ನು ಬಾಳೆ ಎಲೆಯ ಮೇಲೆ ಬೇರೆಯಾಗಿ ಇಟ್ಟಿದ್ದರು. ಅವುಗಳ ಮೇಲೆ ಹೂವಿತ್ತು, ನಿಂಬೆಹಣ್ಣು ಇರಲಿಲ್ಲ. ಯಜಮಾನರ ಮಗ ಹೊಸ ಕೆಲಸಗಾರನಿಗೆ ಹೇಳುತ್ತಿದ್ದ: "ಲಿಂಬಿಹಣ್ಣು ಮಾಲಿನ ಮ್ಯಾಲ ಇಡಬಾರದು. ನಮ್ಮಪ್ಪಾರು ಹಾಕಿಕೊಟ್ಟ ಪದ್ಧತಿ."

ಕುರ್ಚಿಯಲ್ಲಿದ್ದ ಯಜಮಾನರು ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ. "ಇದು ಕಾಕಾ ಹೇಳಿದ್ದಲ್ಲೇನ್ರಿ, ಇದ ಅಂಗಳದಾಗ?"

"ಯಾವ ಕಾಕಾ?" ಎಂದರು.

ನಾಟಕವಾಗಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ಕುರ್ಚಿಯಿಂದ ಏಳದೆಯೇ ಬನ್ನಿ ಕೊಟ್ಟರು, ತೆಗೆದುಕೊಂಡೆ. ನಾನು ಒಯ್ದಿದ್ದ ಬನ್ನಿ ಮಾತ್ರ ಜೇಬಿನಲ್ಲೇ ಉಳಿಯಿತು. ಅಂದು ಆ ಅಂಗಳದಲ್ಲಿ ಕಾಕಾ ಚಾಚಿದ್ದ ಬನ್ನಿಯನ್ನು ನಾನಾದರೂ ಇಸಿದುಕೊಳ್ಳಬಹುದಿತ್ತು ಅಂತ ಈಗ ಅನಿಸುತ್ತದೆ... ಕೊಡುವವರು ಇಲ್ಲ.